ಕುಬಟೂರಿನ ಚಂದ್ರಹಾಸ ಮತ್ತು ಜೈಲು ಕಂಡವರ ಕಾನೂನು

ಕುಬಟೂರು ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗುವುದು ಬಂಗಾರಪ್ಪನವರು. ಸೊರಬ ತಾಲ್ಲೂಕಿನಲ್ಲಿ ಆನವಟ್ಟಿಯ ಪಕ್ಕದಲ್ಲಿರುವ ಈ ಊರು ಅವರ ಹುಟ್ಟೂರು. ಹಳೇ ಗುಡಿಗಳನ್ನು ಹುಡುಕಿಕೊಂಡು ಅಲೆಯುವ ಹುಚ್ಚಿರುವವರಿಗೆ ಇಲ್ಲಿನ ಕೈಟಭೇಶ್ವರ ದೇವಸ್ಥಾನ ಗೊತ್ತಿರುತ್ತದೆ. ನನಗೆ ಮಾತ್ರ ಈ ಊರಿನ ಹೆಸರು ಮೊದಲು ಕಿವಿಗೆ ಬಿದ್ದದ್ದು ಅಜ್ಜಿಯ ಬಾಯಿಂದ, ಚಂದ್ರಹಾಸನ ಕತೆ ಕೇಳುವಾಗ. ಕತೆಯಲ್ಲಿ ಬರುವ ಕುಂತಳ ನಗರ ಅಂದರೆ ಇದೇ ಕುಬಟೂರು ಅಂತ ನಮ್ಮ ಕಡೆ ಹಿಂದಿನಿಂದಲೂ ನಂಬಿಕೆ.

ರಿಲೀಸು, ರಾತ್ರಿ ಕಾಲ್‌ಗಳ ಮಧ್ಯೆ ಹೇಗೋ ಎರಡು ದಿನ ರಜೆ ಗಿಟ್ಟಿಸಿಕೊಂಡು ಆನವಟ್ಟಿಯ ಗೆಳೆಯನ ಮನೆಗೆ ಹೋಗಿದ್ದೆ. ಬೆಳಿಗ್ಗೆ ತಿಂಡಿ ಮುಗಿಸಿ ಬೈಕ್ ಹತ್ತಿ ಕುಬಟೂರಿಗೆ ಬಂದೆವು. ಗುಡಿ ಸುಮಾರು ಕ್ರಿ.ಶ. 1100ರ ಹೊತ್ತಿನದು. ಹೊಯ್ಸಳರು ಇನ್ನೂ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಕಾಲ. ಶಾಸನಗಳಲ್ಲಿ ಊರಿನ ಹೆಸರು ಕುಪ್ಪಟೂರು. ಅದಕ್ಕೂ ಮೊದಲೇ, 1077ರಲ್ಲಿ, ಕದಂಬರ ಕೀರ್ತಿದೇವನ ರಾಣಿ ಮಾಳಲದೇವಿ ಇಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ್ದಳು. ಗುಡಿಯ ತೆರೆದ ಮಂಟಪದಲ್ಲಿ ನುಣುಪಾದ ಕಂಬಕ್ಕೆ ಒರಗಿ ಕುಳಿತಾಗ ಅಜ್ಜಿಯ ಕತೆ ಮತ್ತೆ ತಲೆಗೆ ಬಂತು. ಆದರೆ ಈ ಸಲ ಬೇರೆಯದೇ ಥರ ಕಾಣಿಸಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ :)

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಈ ಕತೆ ನಿಮಗೆಲ್ಲ ಗೊತ್ತೇ ಇರುತ್ತದೆ. ಆದರೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೇರಳದ ರಾಜನ ಮಗ ಅನಾಥನಾಗಿ ಕುಂತಳ ನಗರದ ಬೀದಿಯಲ್ಲಿ ಬೆಳೆಯುತ್ತಾನೆ. ಮುಂದೆ ಈ ಹುಡುಗನೇ ರಾಜ್ಯ ಆಳುತ್ತಾನೆ ಎಂಬ ಮಾತು ಮಂತ್ರಿ ದುಷ್ಟಬುದ್ಧಿಯ ಕಿವಿಗೆ ಬೀಳುತ್ತದೆ. ಅವನು ಕಟುಕರನ್ನು ಕರೆದು, ಕಾಡಿಗೆ ಒಯ್ದು ಕೊಂದುಬನ್ನಿ ಅಂತ ಅಪ್ಪಣೆ ಕೊಡುತ್ತಾನೆ. ಕಟುಕರಿಗೆ ಮಗುವಿನ ಮುಖ ನೋಡಿ ಕೈ ಏಳುವುದಿಲ್ಲ. ಎಡಗಾಲಿನಲ್ಲಿದ್ದ ಆರನೇ ಬೆರಳನ್ನಷ್ಟೇ ಕತ್ತರಿಸಿ, ಕೊಂದ ಗುರುತು ಅಂತ ತಂದು ತೋರಿಸುತ್ತಾರೆ. ಹುಡುಗ ಬೇರೊಬ್ಬರ ಮನೆಯಲ್ಲಿ ಬೆಳೆದು ದೊಡ್ಡವನಾದ ಮೇಲೆ ದುಷ್ಟಬುದ್ಧಿ ಅವನನ್ನು ಗುರುತು ಹಿಡಿಯುತ್ತಾನೆ. ಇವನಿಗೆ ವಿಷ ಕೊಡು ಅಂತ ಮಗನಿಗೆ ಓಲೆ ಬರೆದು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ತೋಟದಲ್ಲಿ ಮಲಗಿದ್ದವನ ಬಳಿ ಇದ್ದ ಓಲೆಯನ್ನು ಮಂತ್ರಿಯ ಮಗಳು ವಿಷಯೆ ಓದಿ, 'ವಿಷ'ವನ್ನು 'ವಿಷಯೆ' ಮಾಡುತ್ತಾಳೆ. ಸಾವಿನ ಓಲೆ ಮದುವೆಯ ಓಲೆಯಾಗುತ್ತದೆ. (ಒಂದೇ ಅಕ್ಷರದ ಪ್ಯಾಚ್! ನಮ್ಮ ಆಫೀಸಿನಲ್ಲಿ ಇಷ್ಟು ಚಿಕ್ಕ ಬದಲಾವಣೆಗೆ ಮೂರು ಮೀಟಿಂಗ್ ಬೇಕು.) ಮೂರನೇ ಸಲ ಚಂಡಿಕೆಯ ಗುಡಿಯಲ್ಲಿ ಕೊಲ್ಲಿಸಲು ಹೊಂಚು ಹಾಕಿದಾಗ ಸಾಯುವುದು ಮಂತ್ರಿಯ ಸ್ವಂತ ಮಗ ಮದನ. ಅದನ್ನು ಕಂಡು ದುಷ್ಟಬುದ್ಧಿಯೂ ಪ್ರಾಣ ಬಿಡುತ್ತಾನೆ.

ಇಲ್ಲಿಗೆ ಕತೆ ಮುಗಿದಿದ್ದರೆ 'ಮಾಡಿದ್ದುಣ್ಣೋ ಮಹರಾಯ' ಅಂತ ಎದ್ದು ಹೋಗಬಹುದಿತ್ತು. ಮುಗಿಯುವುದಿಲ್ಲ. ಅಷ್ಟರಲ್ಲಿ ರಾಜ್ಯ ಚಂದ್ರಹಾಸನ ಕೈಗೆ ಬಂದಿದೆ. ಅವನು ಗುಡಿಗೆ ಹೋಗಿ ದೇವಿಯ ಮುಂದೆ ತನ್ನ ತಲೆಯನ್ನೇ ಕೊಡಲು ನಿಂತು, ಸತ್ತ ಇಬ್ಬರನ್ನೂ ಬದುಕಿಸು ಅಂತ ಬೇಡುತ್ತಾನೆ. ಮೂರು ಸಲ ತನಗೇ ಮರಣದಂಡನೆ ಬರೆದವನನ್ನು!

ಚಿಕ್ಕಂದಿನಲ್ಲಿ ಇದು ಭಕ್ತಿಯ ಕತೆ. ಈಗ ನನಗೆ ಕಾಣುವುದು ಬೇರೆ. ಶಿಕ್ಷೆ ಬರೆದವನು ಮಹಡಿಯ ಮೇಲೆ ಕುಳಿತವನು, ಅವನಿಗೆ ಓಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಕತ್ತಿ ಹಿಡಿದ ಕಟುಕನಿಗೆ ಮಗು ಕಾಣುತ್ತದೆ. ಶಿಕ್ಷೆಯ ಕೆಳಗೆ ಬದುಕಿದವನಿಗೆ, ತನ್ನ ಕೈಗೆ ಅಧಿಕಾರ ಬಂದಾಗ, ಇನ್ನೂ ಏನೋ ಕಾಣುತ್ತದೆ.

ಹಾಗಾದರೆ ನಿಜವಾದ ಇತಿಹಾಸದಲ್ಲಿ ಏನಾಯಿತು? ಶಿಕ್ಷೆ ಅನುಭವಿಸಿದವರ ಕೈಗೆ ಶಿಕ್ಷೆಯ ಕಾನೂನು ಬರೆಯುವ ಅಧಿಕಾರ ಬಂದದ್ದು ಉಂಟೇ? ಉಂಟು. ನಮ್ಮ ದೇಶದಲ್ಲೇ ಎರಡು ಸಲ ಬಂದಿದೆ. ಆ ಎರಡೂ ಕತೆಗಳಿಗೆ ಬೆಂಗಳೂರಿನ ಒಂದೇ ಜೈಲು ಸಾಕ್ಷಿಯಾಗಿದೆ. ಮೊದಲನೆಯ ಕತೆ ಶುರುವಾಗುವುದು ಕುಬಟೂರಿನ ಪಕ್ಕದ ಶಿಕಾರಿಪುರ ತಾಲ್ಲೂಕಿನಿಂದ.

ಈಸೂರು. 1942ರ ಕ್ವಿಟ್ ಇಂಡಿಯಾ ಚಳವಳಿಯ ಹೊತ್ತಿಗೆ ಕಂದಾಯ ಕೊಡುವುದಿಲ್ಲ ಎಂದು ನಿಂತು, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ನೇಮಿಸಿಕೊಂಡು ತಮ್ಮದೇ ಸರ್ಕಾರ ಮಾಡಿಕೊಂಡ ಊರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಮಾತು ಶಾಲೆಯಲ್ಲಿ ಎಲ್ಲರೂ ಕೇಳಿದ್ದೇವೆ. ಆ ಸೆಪ್ಟೆಂಬರ್ ಕೊನೆಯಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಇಬ್ಬರೂ ಸತ್ತರು. ಆಮೇಲೆ ಊರಿನ ಮೇಲೆ ಪೊಲೀಸರು, ಮಿಲಿಟರಿ. ಮೊಕದ್ದಮೆ ನಡೆದು 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಗೌಡ್ರ ಶಂಕರಪ್ಪ ಈ ಐವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಹೆಂಗಸರೂ ಸೇರಿ ಹಲವರು ಜೀವಾವಧಿ ಶಿಕ್ಷೆಗೆ ಒಳಗಾದರು.

ಸತ್ತ ಅಧಿಕಾರಿಗಳಿಬ್ಬರೂ ನಮ್ಮ ಕಡೆಯ ಕನ್ನಡದ ಜನವೇ ಎಂಬುದು ಕೂಡ ನೆನಪಿರಲಿ. ಅವರ ಮನೆಯಲ್ಲೂ ಆ ದಿನ ದೀಪ ಆರಿತು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಗಲ್ಲಿಗೆ ಹೋದವರು ಏನನ್ನೂ ಬರೆಯಲು ಉಳಿಯಲಿಲ್ಲ. ಆದರೆ ಅದೇ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದ ಸಾವಿರಾರು ಜನ ಉಳಿದರು. ಅವರಲ್ಲಿ ಎಷ್ಟೋ ಮಂದಿ ಸಂವಿಧಾನ ಸಭೆಯಲ್ಲಿ ಕುಳಿತರು. ನೆಹರೂ, ಪಟೇಲ್ ಸರಿಯೇ ಸರಿ. ಮೈಸೂರಿನಿಂದ ಹೋಗಿದ್ದ ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ ಕೂಡ ಜೈಲು ಕಂಡವರೇ. ಮಂಗಳೂರಿನಲ್ಲಿ ಹುಟ್ಟಿ, ಐಸಿಎಸ್ ಕೆಲಸ ಬಿಟ್ಟು ಚಳವಳಿಗೆ ಇಳಿದ ಎಚ್.ವಿ. ಕಾಮತ್ ಕೂಡ.

1949ರ ಸೆಪ್ಟೆಂಬರ್‌ನಲ್ಲಿ ವಿಚಾರಣೆಯಿಲ್ಲದೆ ಮನುಷ್ಯನನ್ನು ಬಂಧಿಸಿಡುವ ವಿಧಿ (ಈಗಿನ 22ನೇ ವಿಧಿ) ಚರ್ಚೆಗೆ ಬಂತು. ಆಗ ಮಹಾವೀರ ತ್ಯಾಗಿ ಎದ್ದು ನಿಂತು, ಅಂಬೇಡ್ಕರ್ ಮತ್ತು ಕರಡು ಸಮಿತಿಯ ಸದಸ್ಯರು ಇದನ್ನು ಬರೆಯುವ ಮೊದಲು ಸ್ವಲ್ಪ ದಿನ ಜೈಲಿನಲ್ಲಿದ್ದು ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಅರ್ಥದ ಮಾತು ಹೇಳಿದರು. ಇನ್ನು ಮುಂದೆ ಆ ಅನುಭವ ಪಡೆಯಲು ಪ್ರಯತ್ನ ಮಾಡುತ್ತೇನೆ ಅಂತ ಅಂಬೇಡ್ಕರ್ ತಮಾಷೆಯಾಗಿ ಉತ್ತರಿಸಿದರು. ತ್ಯಾಗಿ ಬಿಡಲಿಲ್ಲ. ಇಂದು ಈ ವಿಧಿಯನ್ನು ಬರೆಯುತ್ತಿರುವವರೇ ಮುಂದೊಂದು ದಿನ ಇದೇ ವಿಧಿಯಡಿ ಒಳಗೆ ಹೋಗುವ ಕಾಲ ಬರುತ್ತದೆ ಅಂತ ಎಚ್ಚರಿಸಿದರು. ಕಾನೂನು ಮಾಡುವವರಿಗೆ ಶಿಕ್ಷೆಯ ಅನುಭವ ಇರಬೇಕು ಎಂಬ ವಾದವನ್ನು ನಮ್ಮಲ್ಲಿ ಇಷ್ಟು ನೇರವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಅಂಬೇಡ್ಕರ್ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಸರ್ಕಾರ ಬೇಕಾದ ಹಾಗೆ ಬಂಧಿಸದಂತೆ ಅವಧಿಯ ಮಿತಿ, ಸಲಹಾ ಮಂಡಳಿ ಅಂತ ಕೆಲವು ತಡೆಗಳನ್ನು ಆ ವಿಧಿಯಲ್ಲಿ ತಂದವರೇ ಅವರು. ಅದೇ 1949ರ ಜೂನ್‌ನಲ್ಲಿ, ಮರಣದಂಡನೆಯನ್ನೇ ತೆಗೆದುಹಾಕುವುದು ಒಳ್ಳೆಯದು ಅಂತ ಸಭೆಯಲ್ಲಿ ಹೇಳಿದವರೂ ಅವರೇ. ಜೈಲು ಕಾಣದವರಿಗೂ ಕಾಣುತ್ತದೆ, ಕಣ್ಣಿದ್ದರೆ.

ಜೈಲು ಕಂಡವರು ಏನು ಮಾಡಿದರು? 1950ರ ಫೆಬ್ರವರಿಯಲ್ಲಿ, ಸಂವಿಧಾನ ಬಂದು ಒಂದು ತಿಂಗಳಾಗಿತ್ತಷ್ಟೆ, ಮುನ್ನೆಚ್ಚರಿಕೆ ಬಂಧನದ ಮಸೂದೆಯನ್ನು ಮಂಡಿಸಿದವರು ವರ್ಷಗಟ್ಟಲೆ ಬ್ರಿಟಿಷರ ಜೈಲಿನಲ್ಲಿದ್ದ ಸರ್ದಾರ್ ಪಟೇಲ್! ಆ ಕಾಯ್ದೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ಎ.ಕೆ. ಗೋಪಾಲನ್. ಮುಂದೆ ನಮ್ಮ ಕನ್ನಡಿಗರೂ ಇರುವ ಕಾಸರಗೋಡಿನಿಂದ ಸಂಸದರಾದವರು. ಅವರೂ ಬ್ರಿಟಿಷರ ಜೈಲು ಕಂಡವರು. ಜೈಲಿನ ಹಳೇ ಗೆಳೆಯರೇ ಒಬ್ಬರನ್ನೊಬ್ಬರು ಒಳಗೆ ಹಾಕಿದ ಹಾಗಾಯಿತು. ಗೋಪಾಲನ್ ಸೋತರು.

ಇನ್ನೊಂದು ಸಣ್ಣ ವಿಷಯ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62(5)ನೇ ಕಲಂ ಪ್ರಕಾರ ಜೈಲಿನಲ್ಲಿರುವವರು ಮತ ಹಾಕುವಂತಿಲ್ಲ. ಶಿಕ್ಷೆಯಾದವರಷ್ಟೇ ಅಲ್ಲ, ವಿಚಾರಣೆಗೆ ಕಾಯುತ್ತಿರುವವರೂ ಹಾಕುವಂತಿಲ್ಲ. ಆದರೆ ಒಂದು ವಿನಾಯಿತಿ ಇದೆ: ಮುನ್ನೆಚ್ಚರಿಕೆ ಬಂಧನದಲ್ಲಿರುವವರು ಮತ ಹಾಕಬಹುದು. ಅಂದರೆ ರಾಜಕೀಯದವರು ಸಾಮಾನ್ಯವಾಗಿ ಹೋಗುವ ಜೈಲಿಗೆ ವಿನಾಯಿತಿ, ಉಳಿದವರ ಜೈಲಿಗೆ ಇಲ್ಲ. ಇದು ಓದಿದಾಗ ನನಗೆ ಏನೋ ಹೊಳೆಯತೊಡಗಿತು. ಎರಡನೇ ಕತೆ ಓದಿದಾಗ ಪೂರ್ತಿ ಹೊಳೆಯಿತು.

ಎರಡನೇ ಕತೆ ತುರ್ತು ಪರಿಸ್ಥಿತಿಯದು. 1975ರ ಜೂನ್ 26ರಂದು ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ನಾಲ್ವರೂ ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದರು. ಅಲ್ಲೇ ಬಂಧನ. ಹಾಕಿದ್ದು ಈಸೂರಿನ ಐವರನ್ನು ಗಲ್ಲಿಗೇರಿಸಿದ್ದ ಅದೇ ಸೆಂಟ್ರಲ್ ಜೈಲಿಗೆ. ಮರುವರ್ಷ ಮೇ ತಿಂಗಳಲ್ಲಿ 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನೂ ಅಲ್ಲಿಗೇ ತಂದರು. ಅವರಿಗೆ ಆಸ್ತಮಾ. ಆ ಸ್ಥಿತಿಯಲ್ಲೂ ಸಾಮಾನ್ಯ ಹೆಂಗಸು ಕೈದಿಗಳ ಮೇಲೆ ನಡೆಯುತ್ತಿದ್ದ ಹೊಡೆತ, ಅವಮಾನಗಳ ವಿರುದ್ಧ ದನಿ ಎತ್ತಿದರು, ಕಂಡದ್ದನ್ನು ಡೈರಿಯಲ್ಲಿ ಬರೆದಿಟ್ಟರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಡೈರಿ ಅದೇ ವರ್ಷ ಪುಸ್ತಕವಾಗಿ ಬಂತು.

ಆ ವರ್ಷವೇ ಜೈಲಿನಿಂದ ಬಂದವರು ಸರ್ಕಾರ ಮಾಡಿದರು. ಪ್ರಧಾನಿ ಮೊರಾರ್ಜಿ ಜೈಲಿನಿಂದ ಬಂದವರು, ವಾಜಪೇಯಿ ವಿದೇಶಾಂಗಕ್ಕೆ, ಅಡ್ವಾಣಿ ವಾರ್ತಾ ಇಲಾಖೆಗೆ, ದಂಡವತೆ ರೈಲ್ವೆಗೆ. ಜೈಲಿನ ನೆನಪು ಇನ್ನೂ ಹಸಿಯಾಗಿದ್ದ ಮಂತ್ರಿಮಂಡಲ ಪ್ರಪಂಚದಲ್ಲೇ ಅಪರೂಪ. ಅವರು ಮಾಡಿದ್ದೇನು?

ಒಳ್ಳೆಯದು ಮಾಡಿದರು. ಮೀಸಾ ಕಾಯ್ದೆ ರದ್ದಾಯಿತು. ಸಂವಿಧಾನದ 44ನೇ ತಿದ್ದುಪಡಿ ತಂದರು. ತುರ್ತು ಪರಿಸ್ಥಿತಿ ಬಂದರೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು (21ನೇ ವಿಧಿ) ಅಮಾನತು ಮಾಡುವಂತಿಲ್ಲ ಎಂಬುದು ಅದರಿಂದಲೇ ಬಂದದ್ದು. ಅದೇ ತಿದ್ದುಪಡಿಯ 3ನೇ ಕಲಂ, ಸಲಹಾ ಮಂಡಳಿಯ ಒಪ್ಪಿಗೆ ಇಲ್ಲದೆ ಬಂಧಿಸಿಡಬಹುದಾದ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸಿತ್ತು. ಆ ಕಲಂ ಇವತ್ತಿಗೂ ಜಾರಿಗೆ ಬಂದಿಲ್ಲ! ಸಂಸತ್ತು ಒಪ್ಪಿದೆ, ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ, ಜಾರಿಯ ಅಧಿಸೂಚನೆ ಮಾತ್ರ ಹೊರಬಿದ್ದಿಲ್ಲ. ಆಮೇಲೆ ಎಷ್ಟೊಂದು ಸರ್ಕಾರಗಳು ಬಂದು ಹೋದವು. ಅವುಗಳಲ್ಲಿ ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋಗಿದ್ದವರೇ ನಡೆಸಿದ ಸರ್ಕಾರಗಳೂ ಇದ್ದವು. ಕೋಡ್ ಬರೆದು, ಟೆಸ್ಟ್ ಮಾಡಿ, ಡೆಪ್ಲಾಯ್ ಮಾಡದೆ ಬಿಟ್ಟ ಹಾಗೆ.

ಅದೇ 1978ರಲ್ಲಿ ಇನ್ನೊಂದು ಕಾನೂನು ಬಂತು. ಇದರ ಬಗ್ಗೆ ಹೆಚ್ಚು ಜನ ಮಾತಾಡುವುದಿಲ್ಲ. ಅಪರಾಧ ಪ್ರಕ್ರಿಯಾ ಸಂಹಿತೆಗೆ 433ಎ ಕಲಂ ಸೇರಿಸಿದರು. ಡಿಸೆಂಬರ್ 18ರಿಂದ ಜಾರಿ. ಮರಣದಂಡನೆ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವರು, ಗಲ್ಲು ತಪ್ಪಿ ಜೀವಾವಧಿಗೆ ಇಳಿದವರು, ಕನಿಷ್ಠ 14 ವರ್ಷ ಜೈಲಿನಲ್ಲೇ ಕಳೆಯಬೇಕು. ಕೊಲೆ ಮಾಡಿದವರು ಬೇಗ ಹೊರಗೆ ಬರುತ್ತಿದ್ದಾರೆ ಎಂಬ ದೂರಿನ ಮೇಲೆ ಬಂದ ಕಾನೂನು ಇದು. ಜೀವಾವಧಿ ಕೈದಿಗಳು ಸುಪ್ರೀಂ ಕೋರ್ಟಿಗೆ ಹೋದರು. 1980ರ ಮಾರೂ ರಾಮ್ ತೀರ್ಪಿನಲ್ಲಿ ಕೋರ್ಟು ಕಲಂ ಎತ್ತಿಹಿಡಿಯಿತು. ಹಳೇ ಸಂಹಿತೆ 2024ರ ಜುಲೈ 1ರಿಂದ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದರೂ ಅದೇ ಮಾತು 475ನೇ ಕಲಂ ಆಗಿ ಮುಂದುವರಿದಿದೆ.

ಕಾನೂನು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ನನ್ನ ಕುತೂಹಲ ಇಷ್ಟೇ. ಹತ್ತೊಂಬತ್ತು ತಿಂಗಳ ಜೈಲನ್ನು ಪುಸ್ತಕಗಳಲ್ಲಿ ಬರೆದುಕೊಂಡ ಜನ, ಪಕ್ಕದ ಬ್ಯಾರಕ್ಕಿನಲ್ಲಿ ಹನ್ನೆರಡನೇ ವರ್ಷ ಕಳೆಯುತ್ತಿದ್ದವನನ್ನು 'ನಿನಗೇನನ್ನಿಸುತ್ತದೆ' ಅಂತ ಕೇಳಿದರೇ?

ಈ ಪ್ರಶ್ನೆ ನನಗೆ ಯಾಕೆ ಬಂತು ಅಂದರೆ, ನಮ್ಮೂರಿನಲ್ಲಿ ಒಬ್ಬರಿದ್ದರು. ಜೀವಾವಧಿ ಮುಗಿಸಿ ಬಂದವರು. ನಾನು ಹೈಸ್ಕೂಲಿನಲ್ಲಿದ್ದಾಗ ಅವರು ನಮ್ಮ ಅಡಿಕೆ ಕೊಯ್ಲಿಗೆ ಬರುತ್ತಿದ್ದರು. ಮಕ್ಕಳೆಲ್ಲ ಅವರನ್ನು ಕಂಡರೆ ದೂರ. ಅಪ್ಪ ಮಾತ್ರ ಅವರ ಜೊತೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಒಂದು ಸಂಜೆ ಅವರು ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಹದಿನಾಲ್ಕು ವರ್ಷ ಹೇಗೋ ಕಳೆದುಬಿಡಬಹುದಂತೆ, ಹದಿನೈದನೆಯದು ಕಷ್ಟವಂತೆ. ಆಗ ಅರ್ಥವಾಗಿರಲಿಲ್ಲ. ಜೀವಾವಧಿ ಅಂದರೆ ಹದಿನಾಲ್ಕು ವರ್ಷ ಅಂತ ನಾವೆಲ್ಲ ತಿಳಿದಿರುತ್ತೇವೆ. ಹಾಗಲ್ಲ. ಜೀವಾವಧಿ ಅಂದರೆ ಇಡೀ ಆಯುಸ್ಸು ಅಂತ ಸುಪ್ರೀಂ ಕೋರ್ಟು 1961ರಲ್ಲೇ ಹೇಳಿದೆ. ಹದಿನಾಲ್ಕು ಮುಗಿದರೆ ಬಿಡುಗಡೆಗೆ ಅರ್ಜಿ ನೋಡುತ್ತಾರೆ ಅಷ್ಟೇ. ಬಿಡಲೂಬಹುದು, ಬಿಡದಿರಲೂಬಹುದು. ಅಲ್ಲಿಯವರೆಗೆ ದಿನ ಎಣಿಸಿದವನಿಗೆ ಆಮೇಲೆ ಎಣಿಸಲು ಏನೂ ಇರುವುದಿಲ್ಲ. ಕಾನೂನಿನ ಪುಸ್ತಕದಲ್ಲಿ ಸಿಗದ ಈ ವಿಷಯ ಅವರಿಗೆ ಗೊತ್ತಿತ್ತು. ಅವರನ್ನು ಯಾವ ಸಮಿತಿಯೂ ಕೇಳಲಿಲ್ಲ. ಈಗ ಅವರಿಲ್ಲ.

ನನಗನ್ನಿಸಿದ್ದು ಹೀಗೆ: ನಮ್ಮ ನಾಯಕರು ಜೈಲು ಕಂಡದ್ದು ಸುಳ್ಳಲ್ಲ, ಪಟ್ಟ ಕಷ್ಟವೂ ಸುಳ್ಳಲ್ಲ. ಆದರೆ ಅವರು ಹೆಚ್ಚಾಗಿ ಕಂಡದ್ದು ರಾಜಕೀಯ ಕೈದಿಯ ಜೈಲು. ಬ್ರಿಟಿಷರ ಕಾಲದಲ್ಲೇ ಕೈದಿಗಳಲ್ಲಿ ಎ, ಬಿ, ಸಿ ಅಂತ ತರಗತಿಗಳಿದ್ದವು. ಓದಿದವರಿಗೆ, ಸ್ಥಿತಿವಂತರಿಗೆ ಮೇಲಿನದು. ಹಾಗಾಗಿ ಅಧಿಕಾರ ಬಂದಾಗ ಅವರು ರಿಪೇರಿ ಮಾಡಿದ್ದು ತಾವು ಬಂದ ಬಾಗಿಲನ್ನು: ವಿಚಾರಣೆಯಿಲ್ಲದ ಬಂಧನ, ಮೀಸಾ, ತುರ್ತು ಪರಿಸ್ಥಿತಿ. ಸಾಮಾನ್ಯ ಕೈದಿಯ ಬಾಗಿಲು ಹಾಗೇ ಉಳಿಯಿತು, ಒಮ್ಮೊಮ್ಮೆ ಇನ್ನಷ್ಟು ಬಿಗಿಯಾಯಿತು. ಅನುಭವ ಬೇಕು ನಿಜ. ಯಾರ ಅನುಭವ ಅಂತಲೂ ಕೇಳಬೇಕು.

ಸಾಮಾನ್ಯ ಕೈದಿಯ ಮಾತು ಕಾನೂನನ್ನು ಮುಟ್ಟಿದ್ದೇ ಇಲ್ಲವೇ ಅಂದರೆ, ಮುಟ್ಟಿದೆ. ಸಮಿತಿಯ ಮೂಲಕ ಅಲ್ಲ, ಕಾಗದದ ಮೂಲಕ. 1979ರಲ್ಲಿ ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಒಳಗಾಗಿದ್ದ ಸುನಿಲ್ ಬಾತ್ರಾ, ಪಕ್ಕದ ಕೈದಿಗೆ ವಾರ್ಡರ್ ಕೊಟ್ಟ ಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಕಾಗದ ಬರೆದ. ಕೋರ್ಟು ಅದನ್ನೇ ಅರ್ಜಿ ಅಂತ ತೆಗೆದುಕೊಂಡಿತು. ಏಕಾಂತ ಸೆರೆಯ ವಿರುದ್ಧ ಅವನು ಅದಕ್ಕೂ ಮೊದಲು ಹಾಕಿದ್ದ ಅರ್ಜಿಯ ಮೇಲೆ 1978ರಲ್ಲಿ ಬಂದ ತೀರ್ಪು ನಮ್ಮ ರಾಜ್ಯದವರೆಗೂ ಬಂದು ಮುಟ್ಟಿತು. ಬೆಳಗಾವಿಯ ಜೈಲಿನಲ್ಲಿ ಹತ್ತು ವರ್ಷ ಒಂಟಿಯಾಗಿ ಇಡಲಾಗಿದ್ದ ಕೈದಿಯೊಬ್ಬನ ಗಲ್ಲು ಶಿಕ್ಷೆಯನ್ನು 2022ರಲ್ಲಿ ಸುಪ್ರೀಂ ಕೋರ್ಟು ಜೀವಾವಧಿಗೆ ಇಳಿಸಿತು, ಕನಿಷ್ಠ 30 ವರ್ಷ ಒಳಗಿರಬೇಕು ಎಂಬ ಷರತ್ತಿನೊಂದಿಗೆ. ಕೈದಿ ಎತ್ತಿದ ಪ್ರಶ್ನೆಯೊಂದು ನಾಲ್ಕು ದಶಕದ ನಂತರ ಇನ್ನೊಬ್ಬನ ಜೀವ ಉಳಿಸಿದ ಹಾಗಾಯಿತು.

ಆದರೆ ಕಾಗದ ಯಾರ ಮೇಜಿಗೆ ಬೀಳುತ್ತದೋ ಅದು ಅದೃಷ್ಟದ ಮಾತು. ಕುರ್ಚಿ ಬೇರೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳೀಮಠರ ಸಮಿತಿ 2003ರಲ್ಲಿ ವರದಿ ಕೊಟ್ಟಿತು. ಒಂದೇ ಥರದ ತಪ್ಪಿಗೆ ಒಬ್ಬೊಬ್ಬ ಜಡ್ಜ್ ಒಂದೊಂದು ಶಿಕ್ಷೆ ಕೊಡುವುದನ್ನು ಸರಿಪಡಿಸಲು, ಶಿಕ್ಷೆಯ ಮಾರ್ಗಸೂಚಿ ಬರೆಯುವ ಶಾಸನಬದ್ಧ ಸಮಿತಿ ಬೇಕು ಅಂತ ಅದರಲ್ಲಿತ್ತು. ಒಳ್ಳೆಯ ಸಲಹೆ. ಅದರಲ್ಲಿ ಯಾರು ಯಾರು ಇರಬೇಕು? ನಿವೃತ್ತ ನ್ಯಾಯಮೂರ್ತಿ ಅಧ್ಯಕ್ಷರು. ಸದಸ್ಯರಾಗಿ ಸರ್ಕಾರಿ ವಕೀಲರ ಕಡೆಯವರು, ವಕೀಲರು, ಪೊಲೀಸರು, ಸಮಾಜ ವಿಜ್ಞಾನಿ, ಮಹಿಳಾ ಪ್ರತಿನಿಧಿ. ಪಟ್ಟಿಯನ್ನು ಎರಡು ಸಲ ಓದಿದೆ. ಶಿಕ್ಷೆ ಅನುಭವಿಸಿ ಬಂದವರು ಇಲ್ಲ. ಆ ಸಮಿತಿಯೇ ಆಗಲಿಲ್ಲ ಬಿಡಿ. ನಾವು ಸಾಫ್ಟ್‌ವೇರ್‌ನವರು ಇದನ್ನು ಚೆನ್ನಾಗಿ ಬಲ್ಲೆವು. ಮ್ಯಾನೇಜರ್, ಡಿಸೈನರ್, ಟೆಸ್ಟರ್ ಎಲ್ಲರೂ ಮೀಟಿಂಗಿನಲ್ಲಿ ಇರುತ್ತಾರೆ, ಅದನ್ನು ದಿನವೂ ಬಳಸುವ ಬಡಪಾಯಿ ಒಬ್ಬ ಬಿಟ್ಟು.

ಈಗ ಈಸೂರಿನ ಅಧಿಕಾರಿಗಳ ಮನೆಯ ಮಾತಿಗೆ ಬರುತ್ತೇನೆ. 'ಕೊಂದವನನ್ನು ಕೇಳಿ ಕಾನೂನು ಮಾಡುವುದಾದರೆ ಸತ್ತವನ ಮನೆಯವರನ್ನು ಯಾರು ಕೇಳಬೇಕು?' ಅಂತ ನನ್ನ ಗೆಳೆಯ ಅಲ್ಲೇ ಮಂಟಪದಲ್ಲಿ ಕೇಳಿದ. ನ್ಯಾಯವಾದ ಪ್ರಶ್ನೆ. ಅವರನ್ನೂ ಕೇಳಬೇಕು, ಮೊದಲು ಅವರನ್ನೇ ಕೇಳಿ ಬೇಕಾದರೆ. ನಮ್ಮ ಕಾನೂನು ಬಹಳ ಕಾಲ ಅವರನ್ನೂ ಮರೆತಿತ್ತು. ನೊಂದವರಿಗೆ ತಾವೇ ಮೇಲ್ಮನವಿ ಸಲ್ಲಿಸುವ ಹಕ್ಕು ಸಿಕ್ಕಿದ್ದು 2009ರ ಕೊನೆಯಲ್ಲಿ. ನೊಂದವರಿಗೆ ಬಾಗಿಲು ತೆರೆದದ್ದರಿಂದ ಕಾನೂನು ಕೆಟ್ಟುಹೋಗಲಿಲ್ಲ. ಶಿಕ್ಷೆ ಅನುಭವಿಸಿದವರಿಗೆ ತೆರೆದರೂ ಕೆಡುವುದಿಲ್ಲ. ತೀರ್ಪು ಕೊಡುವ ಅಧಿಕಾರ ಅವರಿಗೆ ಕೊಡಿ ಅಂತ ಯಾರೂ ಹೇಳುತ್ತಿಲ್ಲ. ನಿಯಮ ಬರೆಯುವಾಗ, 'ಹದಿನೈದನೇ ವರ್ಷ ಏನಾಗುತ್ತದೆ' ಅಂತ ಹೇಳಬಲ್ಲ ಒಬ್ಬರು ಕೋಣೆಯಲ್ಲಿರಲಿ ಅಂತ ಅಷ್ಟೇ.

ಬೆಂಗಳೂರಿನ ಆ ಹಳೇ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್. ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು. ಪಾರ್ಕಿನಲ್ಲಿ ಈಗ ಧರಣಿಗಳು ನಡೆಯುತ್ತವೆ, ಮಕ್ಕಳು ಓಡಾಡುತ್ತಾರೆ. ಅಲ್ಲಿ ಈಸೂರಿನ ಐವರು ಸತ್ತರು, ಮಂತ್ರಿಗಳಾಗುವವರು ದಿನ ಎಣಿಸಿದರು, ಸ್ನೇಹಲತಾ ಉಸಿರಿಗೆ ಕಷ್ಟಪಟ್ಟರು. ಅದೇ ಗೋಡೆಗಳ ಒಳಗೆ ಹೆಸರಿಲ್ಲದ ಸಾವಿರಾರು ಜನ ತಮ್ಮ ಶಿಕ್ಷೆ ಮುಗಿಸಿ ಹೋದರು. ಅವರ ಬಗ್ಗೆ ಯೋಚಿಸಿದ ಕೆಲವರಲ್ಲಿ ಸ್ನೇಹಲತಾ ಒಬ್ಬರು. ಅವರ ಕೈಗೆ ಅಧಿಕಾರ ಬರಲೇ ಇಲ್ಲ.

ಕುಬಟೂರಿನಿಂದ ಹೊರಡುವಾಗ ಬಿಸಿಲೇರಿತ್ತು. ಚಂದ್ರಹಾಸ ಗೆದ್ದದ್ದು ಕತೆಯಲ್ಲಿ, ಗೊತ್ತು. ಆದರೆ ನಮ್ಮ ಹಿರಿಯರು ಕತೆ ಕಟ್ಟುವಾಗ ಮೂರು ಸಲ ಶಿಕ್ಷೆಯ ಕೆಳಗೆ ಬಂದವನ ಕೈಗೇ ಕೊನೆಯ ತೀರ್ಮಾನ ಕೊಟ್ಟರು. ಅವನು ತನ್ನೊಬ್ಬನ ಬಾಗಿಲು ಮಾತ್ರ ರಿಪೇರಿ ಮಾಡಿಕೊಂಡು ಸುಮ್ಮನಾಗಲಿಲ್ಲ. ನಮ್ಮ ಸಮಿತಿಗಳು ಅಷ್ಟು ದೂರ ಹೋಗುವುದು ಬೇಡ, ಒಂದು ಕುರ್ಚಿ ಹಾಕಿದರೆ ಸಾಕು.

ನಿಮ್ಮ ಊರಿನಲ್ಲೂ ಶಿಕ್ಷೆ ಮುಗಿಸಿ ಬಂದವರು ಯಾರಾದರೂ ಇದ್ದಾರಾ? ಅವರ ಜೊತೆ ಯಾವತ್ತಾದರೂ ಕೂತು ಮಾತಾಡಿದ್ದೀರಾ? ಮಾತಾಡಿದ್ದರೆ ಹೇಳಿ. ನಾನು ಮಾತಾಡಲಿಲ್ಲ, ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ ಅಷ್ಟೇ. ಅದು ಈಗಲೂ ಚುಚ್ಚುತ್ತದೆ.